ಊರಬಾಗಿಲ ನಾಲ್ಕನೇ ಗದ್ದುಗೆ

ಹುಲಿಕುಂಟೆ, ಶಿರಾ ತಾಲ್ಲೂಕು
೧೪ ಜೂನ್ ೧೯೪೬

ಪ್ರೀತಿಯ ತಮ್ಮ ದೊಡ್ಡರಂಗಪ್ಪನಿಗೆ ಅಣ್ಣ ಬೋರಯ್ಯನ ಆಶೀರ್ವಾದ.

ಮೈಯಲ್ಲಿ ಹೇಗಿದೆ? ಮಲಯದ ಚಳಿಜ್ವರ ಮತ್ತೆ ಬರಲಿಲ್ಲ ತಾನೇ? ಪಲ್ಟನ್ನಿನಲ್ಲಿ ಬರೀ ಅನ್ನ ಎಂದು ನೀನು ಬರೆದಿದ್ದೆ. ರಾಗಿ ಕಾಣದೆ ನಿನ್ನ ಹೊಟ್ಟೆ ಏನಾಗಿದೆಯೋ. ಅವ್ವನ ಮಂಡಿನೋವು ಹಾಗೇ ಇದೆ. ಕುರಿಗಳು ಚೆನ್ನಾಗಿವೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಲು ಕೈ ಏಳುತ್ತಿಲ್ಲ.

ಯುದ್ಧ ಗೆದ್ದದ್ದಕ್ಕೆ ನಮ್ಮೂರಲ್ಲೂ ಸಂಭ್ರಮ ಮಾಡಬೇಕೆಂದು ಅಪ್ಪಣೆಯಾಯಿತು. ಗೆದ್ದವರು ಯಾರೋ, ಸತ್ತವರು ನಮ್ಮವರು. ಪಟೇಲ ಶಂಕರಲಿಂಗಪ್ಪನವರು ಊರಬಾಗಿಲಿಗೆ ಮಾವಿನ ಸೊಪ್ಪಿನ ಕಮಾನು ಕಟ್ಟಿಸಿದರು. ತುಮಕೂರಿನಿಂದ ಸಾಹೇಬರು ಬರುವ ದಿನ ಬೆಳಗ್ಗೆ ನೋಡಿದರೆ ಕಮಾನಿನ ಕೆಳಗೆ ದಾರಿಗೆ ಅಡ್ಡಲಾಗಿ ಮೂರು ಕರಿಕಂಬಳಿ. ದೇವರಿಗೆ ಗದ್ದುಗೆ ಹಾಸುವ ಹಾಗೆಯೇ ಮಡಿಸಿ ಹಾಸಿ, ಮೇಲೆ ಅಕ್ಕಿ ಹರಡಿ, ವೀಳ್ಯ ಇಟ್ಟಿದ್ದರು. ಬರ್ಮಾದಲ್ಲಿ ಸತ್ತ ನಮ್ಮ ಮೂವರಿಗೆ ಒಂದೊಂದು. ಮಣ್ಣೂ ಸಿಗದ ಮಕ್ಕಳಿಗೆ ತಾಯಂದಿರು ಹಾಕಿದ ಪೀಠ. ಆ ಕಂಬಳಿಗಳು ಯಾವುವು ಗೊತ್ತೇ? ತೂಕ ಕಡಿಮೆ ಎಂದು ಮಿಲಿಟರಿಯವರು ವಾಪಸು ಎಸೆದವು. ಹುಣಸೆಬೀಜದ ಗಂಜಿ ಹಾಕಿ ನಮ್ಮ ಕೇರಿಯೇ ನೇಯ್ದವು.

ಸತ್ತ ಮೂವರಲ್ಲಿ ಅಂಜನಪ್ಪನ ತಾಯಿ ಕೆಂಚಮ್ಮ ಮುಂದೆ ಕೂತಿದ್ದಳು. ಪಟೇಲರು, "ಏನ್ ಕೆಂಚಮ್ಮ, ಸಂತೆ ಹಾಕಿದ್ದೀಯ?" ಎಂದು ನಕ್ಕರು. "ಹೂಂ ಸ್ವಾಮಿ. ಮಕ್ಳನ್ನ ತಗಂಡೋದ್ರಲ್ಲ, ಮಿಕ್ಕಿದ್ ಕಂಬ್ಳಿನೂ ತಗಂಡೋಗಿ. ನನ್ ಮಗನ್ನ ಇಂಥಾದ್ರಲ್ಲೇ ಸುತ್ತಿ ಹೂಳಿದ್ರೋ ಏನೋ" ಎಂದಳು. ಆಮೇಲೆ ಪಟೇಲರ ಹಲ್ಲು ಕಾಣಲಿಲ್ಲ.

ಅಷ್ಟರಲ್ಲಿ ನಮ್ಮವ್ವ ಕುಂಟುತ್ತಾ ಬಂದು ನಾಲ್ಕನೆಯದನ್ನು ಹಾಸಿದಳು. ಯಾರಿಗವ್ವ ಎಂದೆ. "ರಂಗನ್ಗೆ" ಎಂದಳು. ಬದುಕಿರುವವನಿಗೆ ಹಾಸಬಾರದು ಕಣವ್ವ ಎಂದರೆ, "ಇನ್ನೂ ಮೂರ್ ವರ್ಷ ಪಲ್ಟನ್ನಾಗೇ ಇರಕ್ಕೆ ಸೈ ಹಾಕ್ತೀನಿ ಅಂತ ಬರ್ದವ್ನಲ್ಲ. ಇನ್ಯಾವ ತಾಯಿ ಮಗನ್ನ ಸುಡಕ್ಕೋ. ಅಂಗೆ ಬದುಕಿದ್ರೆ ನನ್ಗೇನ್ಲಾ?" ಎಂದಳು. ನಿನ್ನ ಕಾಗದವನ್ನು ಹಿಂದಿನ ದಿನವಷ್ಟೇ ಅವಳಿಗೆ ಓದಿ ಹೇಳಿದ್ದೆ.

ಮಿಲಿಟರಿ ಕಂಬಳಿಗೆ ನಾನು ಮೇಸ್ತ್ರಿಯಲ್ಲವೇ? ಪಟೇಲರು ನನ್ನನ್ನು ಪಕ್ಕಕ್ಕೆ ಕರೆದು, "ನಿನ್ ಜನ, ನೀನೇ ಎತ್ಸು ಬೋರಯ್ಯ. ಇಲ್ದಿದ್ರೆ ಮುಂದಿನ ಆರ್ಡರ್ ಮರ್ತ್ಬುಡು" ಎಂದರು. ಹಾಸಿದ ಗದ್ದುಗೆಯನ್ನು ನಮ್ಮಲ್ಲಿ ಎತ್ತುವುದಿರಲಿ, ಯಾರೂ ದಾಟುವುದೂ ಇಲ್ಲ. ನಾನು ಬಗ್ಗಿ ಎತ್ತಿದೆ. ಸತ್ತವರ ಅಕ್ಕಿ ದೂಳಿಗೆ ಬಿತ್ತು. ಮೂರು ಎತ್ತಿ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವ್ವ ಅದರ ಮೇಲೆ ಕೂತುಬಿಟ್ಟಳು.

ಕಾರು ಬಂದು ನಿಂತಿತು. ಸಾಹೇಬರು, "ಯಾರು ಈಕೆ?" ಎಂದರು. "ತಲೆಕೆಟ್ಟ ಮುದ್ಕಿ ಸ್ವಾಮಿ, ಹಿಂದ್ಮುಂದ್ ಯಾರೂ ಇಲ್ಲ" ಎಂದರು ಪಟೇಲರು. ಮೂರು ಹೆಣದಷ್ಟು ಭಾರದ ಕಂಬಳಿ ಕಂಕುಳಲ್ಲಿ ಇಟ್ಟುಕೊಂಡು ನಾನು ಅಲ್ಲೇ ನಿಂತಿದ್ದೆ. ಅವ್ವ ಸಾಹೇಬರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಇವಳು ನನ್ನ ತಾಯಿ ಎನ್ನಲು ನನಗೆ ಬಾಯಿ ಬರಲಿಲ್ಲ ರಂಗಪ್ಪ. ಕಂಬಳಿ ನೇಕಾರರ ಸಂಘದ ಸಭೆಗಳಲ್ಲಿ ಗಂಟಲು ಹರಿಯುವಂತೆ ಕೂಗಿದ ಬಾಯಿ ಇದೇ.

ಕಾರು ದಾರಿ ಬಿಟ್ಟು ಜಾಲಿಮುಳ್ಳಿನಲ್ಲಿ ನುಗ್ಗಿ ಹೋಯಿತು. ಕಮಾನಿನ ಕೆಳಗೆ ಯಾರೂ ಹಾಯಲಿಲ್ಲ. ಕಂಬಳಿಗಳನ್ನು ಮತ್ತೆ ಹಾಸಲು ಹೋದರೆ ಕೆಂಚಮ್ಮ, "ನೀನ್ ಮುಟ್ಬ್ಯಾಡ" ಎಂದು ಕಿತ್ತುಕೊಂಡಳು. ಈಗ ಪಟ್ಟನಾಯಕನಹಳ್ಳಿಯಿಂದಲೂ ಹೆಂಗಸರು ತಮ್ಮ ಮಕ್ಕಳ ಹೆಸರಿನಲ್ಲಿ ಕಂಬಳಿ ತಂದು ಹಾಸುತ್ತಿದ್ದಾರೆ. ಯಾವ ದೊರೆಯ ಜಗಳಕ್ಕೂ ಇನ್ನು ಗಂಡುಮಕ್ಕಳನ್ನು ಕಳಿಸುವುದಿಲ್ಲ ಎನ್ನುತ್ತಾರೆ. ಅದು ನಾನು ಹೇಳಬೇಕಾಗಿದ್ದ ಮಾತು. ಅವ್ವ ಮುದ್ದೆ ಬಡಿಸುತ್ತಾಳೆ, ಮಾತಾಡುವುದಿಲ್ಲ.

ಕೇರಿಯವರೆಲ್ಲ ನಿನ್ನನ್ನು ಕೇಳಿದರು. ನಮ್ಮ ಬೀರಪ್ಪ ನಿನ್ನ ತಲೆ ಕಾಯಲಿ.

ಇಂತಿ ನಿನ್ನ ಅಣ್ಣ,
ಬೋರಯ್ಯ

ಮರೆತಿದ್ದು: ಟಪಾಲಿನವನು ಬಾಗಿಲಲ್ಲಿ ಕಾಯುತ್ತಿದ್ದಾನೆ. ಯುಗಾದಿಯ ಕಾಗದದಲ್ಲಿ "ಇನ್ನೂ ಮೂರು ವರ್ಷ ಇದ್ದು ಬರಲಿ ಎನ್ನುತ್ತಾಳೆ ಅವ್ವ" ಎಂದು ಬರೆದಿದ್ದೆನಲ್ಲ, ಅವ್ವ ಹಾಗೆ ಅಂದಿರಲಿಲ್ಲ. ಪಟೇಲರು ಹೇಳಿದರು, ಆರ್ಡರ್ ತಪ್ಪೀತೆಂದು ನಾನು ಬರೆದೆ. "ಅವ್ವನ ಮಾತಿನಂತೆ ಸಹಿ ಹಾಕುತ್ತೇನೆ" ಎಂದು ನೀನು ಬರೆದಿದ್ದರಲ್ಲಿ "ಅವ್ವನ ಮಾತಿನಂತೆ" ಎಂಬುದನ್ನು ನುಂಗಿ ಅವಳಿಗೆ ಓದಿದೆ. ಈ ಕಾಗದ ಕೊಟ್ಟು ಬಂದು ಅವಳಿಗೆ ಹೇಳುತ್ತೇನೆ. ಸಹಿ ಹಾಕಬೇಡ.