ಅತ್ತೆಯ ಕಾರ್ಡು ಬಂತು

ಅತ್ತೆ,

ನೀವು ವಾಕಿಂಗ್ ಹೋದಾಗ ಪೋಸ್ಟ್‌ಮ್ಯಾನ್ ನಿಮ್ಮ ಗುರುತಿನ ಕಾರ್ಡು ಕೊಟ್ಟುಹೋದ. ಈ ಸಲ ಹೆಸರು ಟಿಕೆಟ್ಟಿನಲ್ಲಿರುವಂತೆಯೇ ಇದೆ, ಒಂದಕ್ಷರವೂ ಆಚೀಚೆ ಇಲ್ಲ. ಹೆಸರು ತಿದ್ದಿಸಲು ಆಫೀಸಿಗೆ ಅಲೆದು ಚಪ್ಪಲಿ ಸವೆಸಿದ್ದು ಸಾರ್ಥಕವಾಯಿತು. ಸಂಜೆ ವಿಮಾನ ಹತ್ತುವುದು ಖಂಡಿತ.

ಕಾರ್ಡು ಕೈಚೀಲದಲ್ಲೇ ಇರಲಿ. ಜೆರಾಕ್ಸ್ ನಡೆಯುವುದಿಲ್ಲ, ಅಸಲೇ ಬೇಕು. ಜೋಪಾನ ಅಂತ ಬೀರುವಿನಲ್ಲಿಟ್ಟು ಆಮೇಲೆ ಬೀಗದ ಕೈ ಹುಡುಕುತ್ತಾ ಕೂತರೆ ನಾನು ಅತ್ತೇ ಬಿಡುತ್ತೇನೆ. ಫೋಟೋದಲ್ಲಿ ಜಗಳಕ್ಕೆ ನಿಂತವರ ಹಾಗಿದ್ದೀರಿ. ಪರವಾಗಿಲ್ಲ, ಗೇಟಿನವರಿಗೆ ಗುರುತು ಸಿಗುತ್ತದೆ.

ಅಂಗಡಿಯಲ್ಲಿ ಎರಡು ರವಿಕೆ ಹೊಲಿಯುವುದಿದೆ. ಮುಗಿಸಿ ನಾಲ್ಕಕ್ಕೆ ಆಟೋ ತರುತ್ತೇನೆ, ತಯಾರಾಗಿರಿ.

ಹನ್ನೊಂದು ವರ್ಷದಿಂದ ನಿಮ್ಮ ಮುಖ ನೋಡದ ನಿಮ್ಮ ತಂಗಿಗೆ, ನೀವು ಅವರ ಮನೆಗೆ ಬರುವ ವಿಷಯ ನಾನಿನ್ನೂ ಹೇಳಿಲ್ಲ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡಿದ್ದೇನೆ. ಫೋನ್ ಮಾಡಿ, "ಹೊರಟೆ ಕಣೇ" ಅಂತ ನೀವೇ ಹೇಳಿ.

ಸೊಸೆ