ಅಣ್ಣನ ನಂಬರ್ ಒನ್ ಆಲ್ಬಮ್

ಮಾರ್ಚ್ 4, ಮಂಗಳವಾರ

ಇವತ್ತು ಲ್ಯಾಬಿನಲ್ಲಿ ಆರು ಸೆಟ್ಟು ಕೃತಕ ಹಲ್ಲು ಮಾಡಿದೆ. ಮೇಣ ಕರಗಿಸುವ ಒಲೆ ಮತ್ತೆ ಕೈಕೊಟ್ಟಿತು. ಡಾಕ್ಟರಮ್ಮ ಒಂದು ಸೆಟ್ಟನ್ನು ಬೆಳಕಿಗೆ ಹಿಡಿದು, "ಈ ಯಜಮಾನ್ರು ನಗೋದೇ ಇಲ್ಲ, ಮುಂದಿನ ಹಲ್ಲು ಇಷ್ಟು ಚೆಂದ ಯಾಕೆ ಮಾಡಿದ್ರಿ?" ಎಂದರು. ಇನ್ನಾದರೂ ನಗಲಿ ಅಂತ, ಎಂದೆ.

ಊಟದ ಹೊತ್ತಿಗೆ ಅಣ್ಣನ ಫೋನು. ಅವನದು ಲಿಫ್ಟ್ ರಿಪೇರಿ ಕೆಲಸ, ಯಾವುದೋ ಕಟ್ಟಡದಲ್ಲಿ ಲಿಫ್ಟಿನ ತಲೆಯ ಮೇಲೆ ಕೂತು ಮಾತಾಡುತ್ತಿದ್ದ. ಧ್ವನಿ ಬಾವಿಯೊಳಗಿಂದ ಬಂದ ಹಾಗೆ.

"ಮರಿ, ಇಪ್ಪತ್ತಮೂರನೇ ತಾರೀಕು ಏನೂ ಇಟ್ಕೋಬೇಡ. ಸಂಘದ ನೂರನೇ ಕೂಟ. ನನ್ನ ಸರದಿ."

"ಯಾವ ಆಲ್ಬಮ್ಮು?"

"ಇದೂ ಒಂದು ಪ್ರಶ್ನೆನಾ? ನಮ್ಮ ರೈಲು ಡ್ರೈವರಂದು!"

ಸಂಘ ಅಂದರೆ 'ಪೂರ್ತಿ ಕೇಳುವವರ ಸಂಘ'. ಅಣ್ಣನೇ ಕಟ್ಟಿದ್ದು. ಇಪ್ಪತ್ತೆರಡು ಜನ, ಹೆಚ್ಚಿನವರದು ನೆರೆತ ತಲೆ. ತಿಂಗಳ ನಾಲ್ಕನೇ ಭಾನುವಾರ ರೇಡಿಯೋ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರುತ್ತಾರೆ. ಇಡೀ ಆಲ್ಬಮ್ಮೇ ಒಂದು ಕಥೆಯಾಗಿರುವ ರಾಕ್ ಸಂಗೀತ ಮಾತ್ರ. ಮೊದಲಿಂದ ಕೊನೆಯವರೆಗೆ. ಏಳುವಂತಿಲ್ಲ, ಮಾತಾಡುವಂತಿಲ್ಲ, ಹಾಡು ಹಾರಿಸುವಂತಿಲ್ಲ. ಸೈಡು ತಿರುಗಿಸುವಾಗ ಟೀ. ತೊಂಬತ್ತೊಂಬತ್ತು ಸಲ ಬೇರೆಯವರ ಫೇವರಿಟ್ ಕೇಳಿದ್ದಾನೆ. ತನ್ನದನ್ನು ನೂರಕ್ಕೆ ಅಂತ ಎತ್ತಿಟ್ಟಿದ್ದ. ನನ್ನನ್ನು ಕರೆದದ್ದು ಇದೇ ಮೊದಲು.

ಏನು ಉಡಲಿ?

ಮಾರ್ಚ್ 8, ಶನಿವಾರ

ಅಣ್ಣ ಬಂದಿದ್ದ, ತನ್ನ ಟಾಪ್ ಐದು ಆಲ್ಬಮ್‌ಗಳ ಪಟ್ಟಿ ಹಿಡಿದು. ಯಾರೂ ಕೇಳಿರಲಿಲ್ಲ.

ಐದು — ಗಡಿಯಾರದಂಗಡಿಯವನ ಏಳು ಹೆಣ್ಣುಮಕ್ಕಳ ಕಥೆ, ತಲೆಗೊಂದು ಹಾಡು. ನಾಲ್ಕು — ಒಂದು ಆಸ್ಪತ್ರೆಯ ಒಂದು ದಿನ. ಮೂರು — ಸಮುದ್ರದ ಕೆಳಗಿನ ಊರಿನದು. ಅದರಲ್ಲಿ ಡ್ರಮ್ ಬಾರಿಸುವವನು ಬದುಕಿರುವುದೇ ಪವಾಡವಂತೆ. ಎರಡು — ಲಿಫ್ಟಿನಲ್ಲಿ ಸಿಕ್ಕಿಕೊಂಡವನದು. ಸಂಗೀತ ಅದ್ಭುತ, ಆದರೆ "ಬ್ರೇಕು ಹಾಗೆಲ್ಲ ಫೇಲಾಗಲ್ಲ, ಬರೆದವನಿಗೆ ಗಂಧಗಾಳಿ ಇಲ್ಲ" ಎಂದು ಇಪ್ಪತ್ತು ನಿಮಿಷ ಕೂಗಾಡಿದ. ಒಂದು — ರೈಲು ಡ್ರೈವರು.

ಇವರು ಮೆಲ್ಲಗೆ, "ಬಾವ, ಒಂದೊಂದ್ರಲ್ಲಿ ಚೆನ್ನಾಗಿರೋ ಹಾಡು ಮಾತ್ರ ಕೇಳಿದ್ರೆ ಆಗಲ್ವಾ?" ಎಂದರು. ಬೇಕಂತಲೇ! ಹೋದ ವರ್ಷ ಕಾರಿನಲ್ಲಿ ಹಾಡುಗಳನ್ನು ಹಿಂದೆಮುಂದೆ ಮಾಡಿ ಹಾಕಿದ್ದಕ್ಕೆ ಅಣ್ಣ ಇವರ ಜೊತೆ ನಾಲ್ಕು ದಿನ ಮಾತು ಬಿಟ್ಟಿದ್ದ. "ಕಥೆಗೆ ತಲೆ ಯಾವುದು, ಬಾಲ ಯಾವುದು ಗೊತ್ತಿಲ್ದೋರ ಹತ್ರ ಏನು ಮಾತು" ಅಂತ.

ಆ ರೈಲು ಡ್ರೈವರಿನ ಕ್ಯಾಸೆಟ್ಟು… ನನಗೆ ಒಂಬತ್ತು. ಸೊಂಟದ ಮೂಳೆ ಕೆಟ್ಟು, ಎದೆಯಿಂದ ಪಾದದವರೆಗೆ ಪ್ಲಾಸ್ಟರು, ಹನ್ನೊಂದು ತಿಂಗಳು. ನಡೆಯುತ್ತೇನೋ ಇಲ್ಲವೋ ಎಂದು ದೊಡ್ಡವರು ಬಾಗಿಲಾಚೆ ಪಿಸುಗುಡುತ್ತಿದ್ದರು. ಕಿವಿಗೇನೂ ಪ್ಲಾಸ್ಟರು ಹಾಕಿರಲಿಲ್ಲವಲ್ಲ. ಅಣ್ಣನಿಗೆ ಹದಿನೈದು. ಗೆಳೆಯನ ಮನೆಯ ರೆಕಾರ್ಡಿನಿಂದ ಕ್ಯಾಸೆಟ್ಟಿಗೆ ಇಳಿಸಿ ತಂದ. ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ, ಪಕ್ಕದಲ್ಲಿ ಕೂತು ಒಂದೊಂದು ಹಾಡಿನ ಕಥೆ ಹೇಳಿದ. ಒಬ್ಬ ಮನುಷ್ಯ ಹಿಮದಲ್ಲಿ ಒಬ್ಬನೇ ನಡೆಯುತ್ತಾನೆ. ಯಾರೂ ಇಲ್ಲ. ಖಾಲಿ ಸ್ಟೇಷನ್ನಿನಲ್ಲಿ ಮಲಗುತ್ತಾನೆ. ಅರ್ಧಕ್ಕೇ ನಿಂತ ಸೀಟಿ. ಆಮೇಲೆ ಕ್ಯಾಸೆಟ್ ತಿರುಗಿಸಿದರೆ — ಒಬ್ಬಳು ಸಿಗುತ್ತಾಳೆ, ರೈಲು ಓಡಿಸಲು ಕಲಿಯುತ್ತಾನೆ, ಮಗು ಹುಟ್ಟುತ್ತದೆ, ಕೊನೆಯಲ್ಲಿ ಎಲ್ಲರೂ ಮೇಜಿನ ಸುತ್ತ ಕೂತು ಇನ್ನೊಂದು ಕುರ್ಚಿ ತನ್ನಿ ಎಂದು ಕೂಗುತ್ತಾರೆ. ದಿನಕ್ಕೆ ಮೂರು ಸಲ ಕೇಳುತ್ತಿದ್ದೆ. ಅವನು ಮನೆ ಮುಟ್ಟಿದ ಅಂದಮೇಲೆ ನಾನೂ ಎದ್ದೇಳುತ್ತೇನೆ ಎಂದು ನನಗೆ ಗ್ಯಾರಂಟಿಯಿತ್ತು.

ಎದ್ದೆ. ಈಗಲೂ ಸ್ವಲ್ಪ ಕುಂಟುತ್ತೇನೆ, ಅಷ್ಟೇ.

ಆ ಬ್ಯಾಂಡು ಅದೊಂದೇ ಆಲ್ಬಮ್ ಮಾಡಿ ಮಾಯ. ಫೋನಿನಲ್ಲೆಲ್ಲ ಸಿಗಲ್ಲ ಎಂದು ಅಣ್ಣ ಎಂದೋ ಹೇಳಿದ್ದ. ಕ್ಯಾಸೆಟ್ ಇದೆಯಲ್ಲ ಅಂತ ನಾನೂ ಹುಡುಕಲಿಲ್ಲ. ನೂರನೇ ಕೂಟಕ್ಕೆ ಏನಾದರೂ ಕೊಡಬೇಕು ಅವನಿಗೆ.

ಮಾರ್ಚ್ 11, ಮಂಗಳವಾರ

ಸಿಕ್ಕಿತು!! ಹಳೇ ಪುಸ್ತಕದಂಗಡಿಯ ಮೂಲೆಯಲ್ಲಿ ರೆಕಾರ್ಡುಗಳ ರಾಶಿ, ಅದರ ತಳದಲ್ಲಿ ನಮ್ಮ ರೈಲು ಡ್ರೈವರು. ಕವರಿನ ಮೇಲೆ ಬರೀ ಹಳಿಗಳ ಚಿತ್ರ. ಅಂಗಡಿಯವನ ಎದುರೇ ಕುಣಿಯುವುದೊಂದು ಬಾಕಿ.

ಬಸ್ಸಿನಲ್ಲಿ ಕೂತು ಹಿಂಬದಿ ಓದಿದೆ.

ಸೈಡ್ ಒಂದು: ಅವಳು ಸಿಗುವುದು, ರೈಲು ಕಲಿಯುವುದು, ಮಗು, ಮೇಜು.

ಸೈಡ್ ಎರಡು: ಹಿಮ.

ಮುದ್ರಣದ ತಪ್ಪು ಅಂದುಕೊಂಡೆ. ಒಳಗಿನ ಹಾಳೆಯಲ್ಲಿ ಕಥೆ ಪೂರ್ತಿ ಬರೆದಿದ್ದಾರೆ. ಮೇಜಿನ ಸುತ್ತ ಕೂತವರೆಲ್ಲ ಒಂದೇ ಅಪಘಾತದಲ್ಲಿ ಹೋಗುತ್ತಾರೆ. ರೈಲು ಓಡಿಸುತ್ತಿದ್ದವನು ಅವನೇ. ಆಮೇಲೆ ನಡೆಯುತ್ತಾನೆ, ನಡೆಯುತ್ತಾನೆ… ಸ್ಟೇಷನ್ನಿನಲ್ಲಿ ಮಲಗಿದವನು ಏಳುವುದೇ ಇಲ್ಲ.

ಇಳಿಯುವ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿದ್ದೆ.

ಮಾರ್ಚ್ 12, ಬುಧವಾರ, ಬೆಳಗ್ಗೆ 6

ಫೋನಿನಲ್ಲಿ ಹುಡುಕಿದೆ. ಮೂರು ಕಡೆ ಇದೆ. ಮೂರರಲ್ಲೂ ಹಿಮ ಕೊನೆಗೇ.

ಸಿಗಲ್ಲ ಎಂದವನು ತಾನೂ ಹುಡುಕಿಲ್ಲ, ಪಾಪ. ಹದಿನೈದರ ಹುಡುಗ ರೆಕಾರ್ಡಿನ ಎರಡನೇ ಸೈಡನ್ನು ಮೊದಲು ಇಳಿಸಿಬಿಟ್ಟ. ಅದನ್ನೇ ಮೂವತ್ತನಾಲ್ಕು ವರ್ಷ ನಂಬಿದ. ನನ್ನನ್ನೂ ನಂಬಿಸಿದ.

ಮೊದಲು ಸಿಟ್ಟು ಬಂತು. ನನ್ನ ಮನುಷ್ಯ ಮನೆ ಮುಟ್ಟಲೇ ಇಲ್ಲವಲ್ಲ ಎಂದು ಅಳುವೂ ಬಂತು. ಈ ವಯಸ್ಸಿನಲ್ಲಿ! ಹಲ್ಲುಜ್ಜುವಾಗ ಹೊಳೆಯಿತು, ಅಳಬೇಕಾದದ್ದು ಇದಕ್ಕಲ್ಲ. ಇನ್ನು ಹನ್ನೊಂದು ದಿನಕ್ಕೆ ಅಣ್ಣ ಇಪ್ಪತ್ತೆರಡು ಪಂಡಿತರ ಮುಂದೆ ನಿಂತು ಬಾಲವನ್ನೇ ತಲೆ ಎನ್ನುತ್ತಾನೆ. ತಲೆ-ಬಾಲದ ಪಾಠವನ್ನು ಊರಿಗೆಲ್ಲ ಹೇಳಿದವನು. ನಕ್ಕುಬಿಡುತ್ತಾರೆ. ಆಮೇಲೆ ಅವನು ಆ ಕೋಣೆಗೆ ಕಾಲಿಡುವುದಿಲ್ಲ, ನನಗೆ ಗೊತ್ತು. ಎಂಟು ವರ್ಷ ಕಟ್ಟಿದ ಸಂಘ.

ಹೇಳಬೇಕು.

ಇವರೂ ಅದೇ ಅಂದರು: "ಹೇಳ್ಬಿಡು. ಹೋಗೋ ಮಾನ ಮನೆಯೊಳಗೇ ಹೋಗ್ಲಿ."

ಮಾರ್ಚ್ 16, ಭಾನುವಾರ

ಹೇಳಲೆಂದೇ ಹೋದೆ. ಅಣ್ಣ ಹೊಸ ನೋಟ್‌ಬುಕ್ಕಿನಲ್ಲಿ ಭಾಷಣ ಬರೆಯುತ್ತಿದ್ದ. ಕನ್ನಡಕ ಮೂಗಿನ ತುದಿಗೆ. "ಬಾ ಮರಿ, ಕೇಳು — 'ಈ ಆಲ್ಬಮ್ ಶುರುವಾಗೋದೇ ಹಿಮದಿಂದ' — ಹೇಗಿದೆ?"

ಚೆನ್ನಾಗಿದೆ, ಎಂದೆ. ಹೇಡಿ.

ಅಡುಗೆಮನೆಯಲ್ಲಿ ಅತ್ತಿಗೆಯ ಹತ್ತಿರ ಬಾಯಿ ತೆಗೆದೆ. "ಅತ್ತಿಗೆ, ಆ ಆಲ್ಬಮ್ ವಿಷ್ಯ ಅಣ್ಣನಿಗೆ ಒಂದು ಹೇಳ್ಬೇಕಿತ್ತು…"

"ಅಯ್ಯೋ, ಆ ವಿಷ್ಯಕ್ಕೆ ಮಾತ್ರ ನನ್ನ ಎಳೀಬೇಡಮ್ಮ!" ಎಂದು ನಲ್ಲಿ ಜೋರಾಗಿ ಬಿಟ್ಟರು. ತೊಳೆಯಲು ಒಂದು ಲೋಟವೂ ಇರಲಿಲ್ಲ. ಅಣ್ಣನ ರಾಕ್ ಪುರಾಣ ಕೇಳಿ ಕೇಳಿ ಸಾಕಾಗಿರಬೇಕು.

ಹೊರಡುವಾಗ ಅಣ್ಣ ಗೇಟಿನವರೆಗೆ ಬಂದ. "ನೀನು ಮುಂದಿನ ಸಾಲಲ್ಲೇ ಕೂತ್ಕೋಬೇಕು" ಎಂದ. ಅಷ್ಟು ಖುಷಿಯಾಗಿ ಅವನನ್ನು ನೋಡಿ ಎಷ್ಟು ಕಾಲವಾಯಿತೋ. ಬಿಸಿತುಪ್ಪ. ನುಂಗಲೂ ಆಗದು, ಉಗುಳಲೂ ಆಗದು.

ಮಾರ್ಚ್ 20, ಗುರುವಾರ

ನಾಲ್ಕು ಸಲ ಫೋನು ಹಚ್ಚಿದೆ. ನಾಲ್ಕು ಸಲವೂ "ಊಟ ಆಯ್ತಾ" ಎಂದು ಕೇಳಿ ಇಟ್ಟೆ. "ನಿನ್ನ ಮನೇಲಿ ಅಡುಗೆ ಮಾಡ್ತಿಲ್ವಾ?" ಎಂದ.

ಕೆಲಸದಲ್ಲೂ ಮನಸ್ಸಿಲ್ಲ. ಒಬ್ಬರ ಮೇಲಿನ ಸೆಟ್ಟಿಗೆ ಇನ್ನೊಬ್ಬರ ಕೆಳಗಿನದನ್ನು ಜೋಡಿಸಿ ಡಬ್ಬಿಗೆ ಹಾಕಿದ್ದೆ. ಡಾಕ್ಟರಮ್ಮ ಕಂಡುಹಿಡಿದರು, ಪುಣ್ಯ. ಅಣ್ಣನನ್ನು ಅನ್ನಲು ನನಗೇನು ಹಕ್ಕು.

ಶನಿವಾರ ಹೇಳಿಯೇ ತೀರುತ್ತೇನೆ.

ಮಾರ್ಚ್ 22, ಶನಿವಾರ

ಹೇಳಲಿಲ್ಲ.

ಮಾರ್ಚ್ 23, ಭಾನುವಾರ, ಮಧ್ಯಾಹ್ನ 4

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ರೆಕಾರ್ಡನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಯಾಕೋ ಗೊತ್ತಿಲ್ಲ. ಮಡಚುವ ಕುರ್ಚಿಗಳು, ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದ ಕೋಣೆ. ಆಂಪ್ಲಿಫೈಯರ್ ರಿಪೇರಿಗೆ ಹೆಸರಾದ ಅಂಗಡಿಯ ಯಜಮಾನರನ್ನು ಎಲ್ಲರೂ ಆಂಪ್ಲಿ ಅಜ್ಜ ಎನ್ನುತ್ತಾರೆ. ಅವರು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಹೊಸ ಮದುವಣಗಿತ್ತಿಗೆ ಕೇಳುವ ಹಾಗೆ, "ಫ್ಯಾನು ಬೇಕಾಮ್ಮ?" ಎಂದು ಮೂರು ಸಲ ಕೇಳಿದರು.

ಅಣ್ಣ ಎದ್ದು ನಿಂತ. ಇಸ್ತ್ರಿ ಮಾಡಿದ ಅಂಗಿ. "ಈ ಆಲ್ಬಮ್ ಶುರುವಾಗೋದೇ ಹಿಮದಿಂದ" ಎಂದ. ನಾನು ಕಣ್ಣು ಮುಚ್ಚಿದೆ. ಈಗ ನಗುತ್ತಾರೆ, ಈಗ ನಗುತ್ತಾರೆ…

ಯಾರೂ ನಗಲಿಲ್ಲ. ಕೆಮ್ಮು ಕೂಡ ಇಲ್ಲ. ಕ್ಯಾಸೆಟ್ ಹಾಕಿದ. ಹಿಮ, ಸ್ಟೇಷನ್, ಅರ್ಧ ಸೀಟಿ. ಟೀ. ಟೀ ಕುಡಿಯುವಾಗ ಎಲ್ಲರೂ ಹವಾಮಾನದ ಬಗ್ಗೆ ಮಾತಾಡಿದರು. ಆಲ್ಬಮ್ ಬಗ್ಗೆ ಒಬ್ಬರೂ ಸೊಲ್ಲೆತ್ತಲಿಲ್ಲ. ಆಮೇಲೆ ಎರಡನೆಯ ಸೈಡು. ಮಗು ಹುಟ್ಟಿತು, ಮೇಜು ಹಾಕಿದರು, ಮುಗಿಯಿತು. ಚಪ್ಪಾಳೆ.

ಆಗ ಔಷಧಿ ಅಂಗಡಿಯವರು ಕೈ ಎತ್ತಿದರು. ಸಂಘಕ್ಕೆ ಹೊಸಬರು, ಹೋದ ತಿಂಗಳು ಬಂದಿರಲಿಲ್ಲವಂತೆ.

"ಸಾರ್, ಒಂದು ಡೌಟು. ಇದು ಮೊದಲ ಸೈಡಲ್ವಾ ಕೊನೆಗೆ…"

ಆಂಪ್ಲಿ ಅಜ್ಜ ಅವರ ಕಾಲು ತುಳಿದದ್ದನ್ನು ನಾನೇ ಕಣ್ಣಾರೆ ಕಂಡೆ. ಎಂಬತ್ತರ ಮುದುಕ, ಏನು ಚುರುಕು! ಇನ್ನಿಬ್ಬರು ಒಟ್ಟಿಗೇ "ಬಿಸ್ಕೆಟ್ ತಗೊಳ್ಳಿ!" ಎಂದು ಅವರ ಬಾಯಿಗೇ ತಟ್ಟೆ ಹಿಡಿದರು. ಹಿಂದಿನ ಸಾಲಿನವರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡುತ್ತಿದ್ದರು.

ಎಲ್ಲರಿಗೂ ಗೊತ್ತು.

ಅಣ್ಣನ ಕಡೆ ತಿರುಗಿದೆ. ಅವನು ಔಷಧಿ ಅಂಗಡಿಯವರನ್ನು ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದ, ಬೆವರು ಒರೆಸಿಕೊಳ್ಳುತ್ತ. ಅಯ್ಯೋ ಅಣ್ಣ. ನಾನು ಕಾಯಲು ಹೊರಟದ್ದು ಅವನನ್ನು. ಇಪ್ಪತ್ತೆರಡು ಜನ ಉಸಿರು ಬಿಗಿಹಿಡಿದು ಕೂತದ್ದು ನನ್ನನ್ನು ಕಾಯಲು.

ಹೊರಗೆ, ಬೀಗ ಹಾಕಿದ ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಕೂತೆವು. ಚೀಲದಿಂದ ರೆಕಾರ್ಡು ತೆಗೆದು ಅವನ ತೊಡೆಯ ಮೇಲಿಟ್ಟೆ.

"ಯಾವಾಗಿಂದ ಗೊತ್ತು?" ಎಂದ.

"ಹನ್ನೆರಡು ದಿನ. ನಿಂಗೆ?"

"ಇಪ್ಪತ್ತೊಂಬತ್ತು ವರ್ಷ."

ಅವತ್ತು ಗೆಳೆಯನ ಮನೆಯ ರೆಕಾರ್ಡಿಗೆ ಕವರು ಇರಲಿಲ್ಲವಂತೆ. ತಟ್ಟೆಯ ಎರಡು ಬದಿಗೂ ಬರೀ ಹಳಿಯ ಚಿತ್ರ, ನಂಬರಿಲ್ಲ. ಅವರಪ್ಪ ಬರುವುದರೊಳಗೆ ಮುಗಿಸಬೇಕಿತ್ತು, ಕೈಗೆ ಬಂದ ಸೈಡು ಹಾಕಿದ. ತಪ್ಪು ಗೊತ್ತಾದದ್ದು ಇಪ್ಪತ್ತರಲ್ಲಿ, ಬೇರೆಯವರ ಮನೆಯಲ್ಲಿ ಕವರು ನೋಡಿ. ಹೇಳಬೇಕೆಂದು ಓಡಿ ಬಂದನಂತೆ.

"ಬಾಗಿಲು ಬಡಿದೆ. ನೀನು ಬಂದು ತೆಗ್ದೆ. ಕೋಲು ಇಲ್ದೆ. ಮೊದಲ್ನೇ ಸಲ. 'ನೋಡೋ, ನಮ್ಮ ರೈಲು ಡ್ರೈವರ್ ಥರ ನಾನೂ ಬಂದೆ' ಅಂದೆ. ಯಾವ ಬಾಯಲ್ಲಿ ಹೇಳ್ಲಿ ಮರಿ?"

"ಆಮೇಲೆ ಹೇಳ್ಬಹುದಿತ್ತಲ್ಲೋ. ಇಪ್ಪತ್ತೊಂಬತ್ತು ವರ್ಷ ಇತ್ತು!"

"ಅದ್ಕೇ ಅಲ್ವಾ ನಿನ್ನ ಕೂಟಕ್ಕೆ ಕರೀತಿರ್ಲಿಲ್ಲ. ಯಾರಾದ್ರೂ ಬಾಯಿ ಬಿಟ್ರೆ?"

"ಇವತ್ತು ಯಾಕೆ ಕರೆದೆ? ಅಷ್ಟು ಜನರ ಎದುರು ತಪ್ಪು ಯಾಕೆ ಹಾಕ್ದೆ? ನೀನು?"

ಕವರನ್ನು ಹಿಂದೆಮುಂದೆ ತಿರುಗಿಸಿದ. "ಬಾಯಿ ಬಿಡಲ್ಲ ಅಂತ ಹೋದ ತಿಂಗಳು ಎಲ್ರ ಹತ್ರ ಮಾತು ತಗೊಂಡೆ. ನನ್ನ ಫೇವರಿಟ್ ಆಲ್ಬಮ್ ಹಾಕ್ಬೇಕು ಅಂತ ರೂಲು. ಇದಲ್ಲ ನನ್ನ ಫೇವರಿಟ್ಟು. ನಿಂಗೆ ಮಾಡ್ಕೊಟ್ನಲ್ಲ, ಆ ಕ್ಯಾಸೆಟ್ಟು."

ಅತ್ತೆ. ರಸ್ತೆಯಲ್ಲೇ. ಅವನೂ ಅತ್ತ. ಆಂಪ್ಲಿ ಅಜ್ಜ ಬಾಗಿಲು ತೆಗೆದು ನೋಡಿ, ಮತ್ತೆ ಮೆಲ್ಲಗೆ ಹಾಕಿಕೊಂಡರು.

ಮಾರ್ಚ್ 24, ಸೋಮವಾರ

ಅತ್ತಿಗೆಗೆ ಫೋನು ಮಾಡಿದೆ. "ಮದ್ವೆ ಆದ ಹೊಸದ್ರಲ್ಲೇ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ರು. ನಿಮ್ಮಿಬ್ಬರ ದೆಸೆಯಿಂದ ನಂಗೆ ಬಾಯಿಹುಣ್ಣು" ಎಂದರು.

ಏಪ್ರಿಲ್ 6, ಭಾನುವಾರ, ಬೆಳಗ್ಗೆ 11.40

ಆಂಪ್ಲಿ ಅಜ್ಜ ಪ್ಲೇಯರು ಕೊಟ್ಟು ಕಳಿಸಿದ್ದಾರೆ. ನಮ್ಮ ಮನೆ, ನಾವಿಬ್ಬರೇ. ಇವರನ್ನು ಹೊರಗೆ ಅಟ್ಟಿದ್ದಾಯಿತು. ಸರಿಯಾದ ಕ್ರಮದಲ್ಲಿ ಅಣ್ಣನೂ ಇದನ್ನು ಒಮ್ಮೆಯೂ ಕೇಳಿಲ್ಲವಂತೆ. "ನಿನ್ನ ಬಿಟ್ಟು ಕೇಳಿದ್ರೆ ಮೋಸ ಅನ್ನಿಸ್ತಿತ್ತು" ಎಂದ.

ಮೊದಲ ಸೈಡು ಮುಗಿಯಿತು. ಮೇಜಿನ ಹಾಡು ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮುಂದೇನೆಂದು ಗೊತ್ತಲ್ಲ. ಅವರೆಲ್ಲ ಎಷ್ಟು ನಗುತ್ತಿದ್ದರು.

ಈಗ ಟೀ. ಅವನದು ಆರುತ್ತಿದೆ. ರೆಕಾರ್ಡನ್ನು ತಿರುಗಿಸಿ ಕೈಯಲ್ಲಿ ಹಿಡಿದು ಆಗಿನಿಂದ ನಿಂತೇ ಇದ್ದಾನೆ, ಹಾಕುತ್ತಿಲ್ಲ.

"ಮರಿ, ಬೇಡ ಅಂದ್ರೆ ಇಲ್ಲಿಗೇ ನಿಲ್ಸೋಣ." ಪೂರ್ತಿ ಕೇಳುವವರ ಸಂಘದ ಸ್ಥಾಪಕ!

"ಅಣ್ಣಾ, ನಂಗೆ ನಲವತ್ತಮೂರು."

"ಗೊತ್ತು ಕಣೇ. ನಂಗೇ ಹದಿನೈದು ದಾಟ್ತಿಲ್ಲ."

ಬಾ, ಪಕ್ಕದಲ್ಲಿ ಕೂತು ಒಂದೊಂದು ಹಾಡಿಗೂ ಕಥೆ ಹೇಳು ಎಂದೆ. ಈ ಸಲ ಇದ್ದದ್ದನ್ನು ಇದ್ದ ಹಾಗೆ. ಮುಳ್ಳು ಇಳಿಸಿದ. ಕರಕರ ಸದ್ದು… ಹಿಮ ಬೀಳುತ್ತಿದೆ. ಬಂದು ಕೂತ. ಗಂಟಲು ಸರಿಮಾಡಿಕೊಂಡು, "ಒಬ್ಬ ಮನುಷ್ಯ ಇದ್ದ ಮರಿ, ಅವನ ಹತ್ರ ಎಲ್ಲಾನೂ ಇತ್ತು" ಎಂದು ಶುರುಮಾಡಿದ್ದಾನೆ. ಪೆನ್ನು ಕಿತ್ತುಕೊಳ್ಳಲು ಕೈ ಚಾಚುತ್ತಿದ್ದಾನೆ, ಕೇಳುವಾಗ ಬರೆಯುವಂತಿಲ್ಲವಂ—