ಮುಕ್ಕಾಲು ಇಂಚು

ಫೆಬ್ರವರಿ 6. ಮಧ್ಯಾಹ್ನ 1.20

ಬೆಳಿಗ್ಗೆಯಿಂದ ಪೇಪರ್ ಪ್ಲೇಟು ಬಿಡಿಸುವ ಕೆಲಸ. ಹೊಸ ಬಂಡಲು, ಒಂದಕ್ಕೊಂದು ಅಂಟಿಕೊಂಡಿವೆ. ಬಿಡಿಸದೆ ಇಟ್ಟರೆ ಜನ ಮೂರು ಮೂರು ಒಟ್ಟಿಗೆ ಎತ್ತುತ್ತಾರೆ. ಆಮೇಲೆ ಕಡಿಮೆ ಬಿತ್ತು ಅಂತ ಭಾವನ, ಅಂದರೆ ಅಕ್ಕನ ಗಂಡನ, ಕೂಗಾಟ. ನನ್ನ ಮೇಲೇ.

ಗೋಡೌನಿನ ಹಿಂದಿನ ವರಾಂಡದಲ್ಲಿ ಕೊಕ್ಕರೆಯನ್ನು ಬಿಚ್ಚಿ ನಿಲ್ಲಿಸಿ ಒರೆಸಿದೆ. ಕೊಕ್ಕರೆ ಅಂದರೆ ಇವರು, ನನ್ನ ಯಜಮಾನರು, ಮಾಡಿದ ಸ್ಟ್ಯಾಂಡು. ನಾಲ್ಕು ಸಣಕಲು ಕಾಲು, ಎದೆಯೆತ್ತರ. ಮೇಲಿನ ಸಾಲಿನಲ್ಲಿ ಚಮಚ, ಟಿಶ್ಯೂ. ನಡುವೆ ಪೇಪರ್ ಲೋಟ. ಕೆಳಗೆ ಪ್ಲೇಟು. ಮಡಚಿದರೆ ಬಗಲಲ್ಲಿ ಸಿಕ್ಕಿಸಿಕೊಂಡು ಬಸ್ಸು ಹತ್ತಬಹುದು. ಇವರು ಒಂದು ಪಾರ್ಟಿಯಲ್ಲಿ ಇಡೀ ಸಂಜೆ ಮೂಲೆಯಲ್ಲಿ ನಿಂತು, ಜನ ಮೊದಲು ಏನಕ್ಕೆ ಕೈ ಹಾಕುತ್ತಾರೆ ಅಂತ ನೋಡುತ್ತಲೇ ಇದ್ದರು. ಮಾರನೇ ದಿನ ಕಬ್ಬಿಣದ ಸರಳು ತಂದರು. ಇವರು ಕೊನೆಯದಾಗಿ ಮಾಡಿದ ಸಾಮಾನು ಇದೇ. ತೀರಿಹೋಗಿ ಒಂಬತ್ತು ತಿಂಗಳಾಯಿತು.

ಈಗ ಭಾವ ಬಂದರು. ಜೊತೆಗೆ ವರ್ಕ್‌ಶಾಪಿನ ಒಬ್ಬ ಕನ್ನಡಕದವನು, ಕೈಯಲ್ಲಿ ಟೇಪು. ಪ್ರತಿ ಸರಳನ್ನೂ ಅಳೆದು ಬರೆದುಕೊಂಡ.

"ಏನು ಭಾವ ಇದು?"

"ಸುಮ್ನೆ ಕಣಮ್ಮಾ. ನೀನು ಪ್ಲೇಟು ಬಿಡಿಸು."

ಸ್ಟ್ಯಾಂಡನ್ನು ಮಡಚಿ ಗಾಡಿಗೆ ಹಾಕಿಕೊಂಡು ಹೋದರು. ಎರಡು ದಿನದಲ್ಲಿ ವಾಪಸ್ಸು ಅಂದರು.

ಫೆಬ್ರವರಿ 12

ಬಂದಿಲ್ಲ. ಕೇಳಿದರೆ ಫೋನು ಕಿವಿಗೆ ಇಟ್ಟುಕೊಳ್ಳುತ್ತಾರೆ. ಆ ಕಡೆ ಯಾರೂ ಇರುವುದಿಲ್ಲ, ನನಗೆ ಗೊತ್ತು.

ಫೆಬ್ರವರಿ 21. ಮಧ್ಯಾಹ್ನ

ಇಪ್ಪತ್ತು ಸ್ಟ್ಯಾಂಡು ಬಂದಿಳಿದವು. ನೀಲಿ ಬಣ್ಣ. ಎಲ್ಲದರ ಮೇಲೂ ಭಾವನ ಬಾಡಿಗೆ ಸಾಮಾನಿನ ಅಂಗಡಿಯ ಸ್ಟಿಕ್ಕರು. ಪ್ಯಾಂಫ್ಲೆಟ್ ಬೇರೆ. ಅದರಲ್ಲಿ ಭಾವನ ಫೋಟೋ, ಕೈಕಟ್ಟಿಕೊಂಡು, ಯೋಚನೆ ಮಾಡುವವರ ಹಾಗೆ ಗಲ್ಲ ಎತ್ತಿ.

ಲೋಡಿಂಗ್ ಹುಡುಗರನ್ನೆಲ್ಲ ವರಾಂಡದಲ್ಲಿ ನಿಲ್ಲಿಸಿ ಭಾಷಣ. "ಮೂರು ದಿನ ಊಟ ರುಚಿಸಲಿಲ್ಲ ಕಣ್ರೋ. ತಲೇಲಿ ಇದೇ." ಅವರು ಚಪ್ಪಾಳೆ ತಟ್ಟಿದರು. ಪಾಪ, ತಟ್ಟದೆ ಏನು ಮಾಡುತ್ತಾರೆ.

ನಾನು ಬಾಯಿ ಬಿಟ್ಟೆ. "ಭಾವ, ಇದು ಇವರು ಮಾಡಿದ್ದಲ್ವಾ?"

"ನೋಡಮ್ಮಾ. ನಿನ್ನ ಗಂಡ ಕಂಬಿ ಬಗ್ಗಿಸಿದ. ಬುದ್ಧಿ ಕೊಟ್ಟೋನು ನಾನು."

"ಹಳೇದು ಎಲ್ಲಿ?"

"ಅದಾ? ತುಕ್ಕು ಹಿಡಿದಿತ್ತು. ಗುಜರಿಗೆ ಹಾಕಿಸ್ದೆ."

ತುಕ್ಕು! ಪ್ರತಿ ವಾರ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದೆ ನಾನು. ಪ್ಲೇಟಿನ ಬಂಡಲು ಎದೆಗೆ ಅವುಚಿಕೊಂಡು ಒಳಗೆ ಬಂದೆ. ಅವರ ಎದುರು ಅಳಲಿಲ್ಲ, ಅಷ್ಟೇ ಸಮಾಧಾನ.

ಅದೇ ದಿನ. ಸಂಜೆ 6

ಅಕ್ಕನ ಹತ್ತಿರ ಹೇಳಿದೆ. ತನ್ನ ಗಂಡನ ಗುಣ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಕೇಳಿಸಿಕೊಂಡಳು. ಆಮೇಲೆ, "ಬಿಟ್ಹಾಕೇ ಪುಟ್ಟಿ. ಹೋದೋನು ಬಂದು ನನ್ನ ಹೆಸರು ಎಲ್ಲಿ ಅಂತ ಕೇಳ್ತಾನಾ?"

ಬಿಡುವುದಿಲ್ಲ. ನೀನೂ ಅವರ ಪಾರ್ಟಿಯೇ. ಇಬ್ಬರಿಗೂ ನೀರಿಳಿಸದೆ ಬಿಡುವುದಿಲ್ಲ.

ಫೆಬ್ರವರಿ 24. ಬೆಳಿಗ್ಗೆ 11

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಒಬ್ಬಳೇ. ಬಾಗಿಲು ಹಾಕಿಕೊಂಡು.

ಆದದ್ದು ಇಷ್ಟು. ಹೊಸದೊಂದನ್ನು ಮುಂದಿನ ಆಫೀಸ್ ರೂಮಿನಲ್ಲಿ ಗಿರಾಕಿಗಳು ನೋಡುವ ಹಾಗೆ ಇಡು ಅಂದರು. ಇಟ್ಟೆ. ಬಲಕ್ಕೆ ವಾಲಿತು. ತಿರುಗಿಸಿ ಇಟ್ಟೆ. ಆ ಕಡೆಗೆ ವಾಲಿತು. ಇನ್ನೊಂದು ತಂದೆ. ಅದೂ ಅಷ್ಟೇ. ಆಗ ಹೊಳೆಯಿತು.

ಹಿಂದಿನ ವರಾಂಡದ ನೆಲ ಇಳಿಜಾರು. ತೊಳೆದ ನೀರು ಮೋರಿಗೆ ಹರಿಯಲಿ ಅಂತ ಹಾಗೆ ಮಾಡಿದ್ದಾರೆ. ಕೊಕ್ಕರೆಯನ್ನು ತುಂಬಿಸಿ ಇಡುತ್ತಿದ್ದದ್ದು ಅಲ್ಲೇ. ಅದಕ್ಕೇ ಇವರು ನೆಲ ಎತ್ತರವಿರುವ ಕಡೆಗೆ ಬರುವ ಬಲಗಡೆಯ ಎರಡು ಕಾಲನ್ನು ಬೇಕೆಂದೇ ಮುಕ್ಕಾಲು ಇಂಚು ಗಿಡ್ಡ ಕತ್ತರಿಸಿದ್ದರು. ಹೊರಗೆ ಒಯ್ಯುವಾಗ ಆ ಎರಡು ಕಾಲಿಗೆ ದಪ್ಪ ರಬ್ಬರ್ ಬುಷ್, ಟೋಪಿಯಂಥದ್ದು, ಹಾಕುತ್ತಿದ್ದೆವು, ಮಟ್ಟಕ್ಕೆ ಬರುತ್ತಿತ್ತು. ಇವರು, ನಾನು, ಇಬ್ಬರಿಗೇ ಗೊತ್ತಿದ್ದ ವಿಷಯ.

ಆ ಕನ್ನಡಕದವನು ಎಷ್ಟು ನಿಯತ್ತಿನಿಂದ ಅಳೆದಿದ್ದಾನೆ! ಇಪ್ಪತ್ತಕ್ಕೆ ಇಪ್ಪತ್ತೂ ಕುಂಟ. ಬಂದ ದಿನ ಭಾವ ಎಲ್ಲವನ್ನೂ ಹಳೆಯದರ ಹಾಗೆಯೇ ಸಾಲಾಗಿ ನಿಲ್ಲಿಸಿ ನೋಡಿದ್ದು ಎಲ್ಲಿ? ಅದೇ ವರಾಂಡದಲ್ಲಿ. ನೆಟ್ಟಗೆ ನಿಂತಿದ್ದವು.

ಹಳೆಯ ಬುಷ್ ಎರಡೂ ನನ್ನ ಡಬ್ಬಿಯಲ್ಲಿವೆ. ಆಫೀಸಿನದರ ಕಾಲ ಕೆಳಗೆ ಮಡಚಿದ ರಟ್ಟು ಇಟ್ಟೆ. ಯಾರಿಗೂ ಕಾಣದ ಹಾಗೆ. ಈಗಲೇ ಗೊತ್ತಾಗಬಾರದು. ಬುದ್ಧಿ ಕೊಟ್ಟವರು ಅವರಲ್ಲವೇ? ಆ ಬುದ್ಧಿಯೇ ಹೇಳಲಿ.

ಮಾರ್ಚ್ 2

ದೊಡ್ಡ ಆರ್ಡರು ಸಿಕ್ಕಿದೆ. ಒಂದು ಕಂಪನಿಯ ವಾರ್ಷಿಕ ಕೂಟ, ಹದಿನೈದಕ್ಕೆ. ಆರುನೂರು ಜನ. ಇಪ್ಪತ್ತು ಸ್ಟ್ಯಾಂಡೂ ಅಲ್ಲಿಗೇ. ಹಾಲ್ ನಾನು ನೋಡಿದ್ದೇನೆ. ನುಣ್ಣನೆ ಕಲ್ಲಿನ ನೆಲ, ಗೋಲಿ ಇಟ್ಟರೆ ಅಲ್ಲಾಡುವುದಿಲ್ಲ.

ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಚಮಚಗಳೆಲ್ಲ ನೆಲದ ಮೇಲೆ. ಲೋಟ ಉರುಳಿಕೊಂಡು ಹೋಗುತ್ತಿವೆ. ಸೂಟು ಹಾಕಿಕೊಂಡವರ ನಡುವೆ ಭಾವ ಮಂಡಿಯೂರಿ ಹೆಕ್ಕುತ್ತಿದ್ದಾರೆ. ಇಷ್ಟು ದಿನದಲ್ಲಿ ಇವತ್ತು ಊಟ ರುಚಿಸಿತು.

ಮಾರ್ಚ್ 5. ಬೆಳಿಗ್ಗೆ

ಭಾವ ಸ್ಟ್ಯಾಂಡುಗಳ ನೆತ್ತಿಯ ಮೇಲೆ ಒಂದೊಂದು ತಟ್ಟೆ ಬೆಸುಗೆ ಹಾಕಿಸಿದ್ದಾರೆ. ಟೀ ಕ್ಯಾನು ಇಡಲು. ಹತ್ತು ಲೀಟರಿಂದು. "ಲೋಟ ತಗೊಂಡ್ರು, ಅಲ್ಲೇ ಟೀ ಹಿಡ್ಕೊಂಡ್ರು. ಹೆಂಗೆ?" ಅಂತ ನನ್ನನ್ನೇ ಕೇಳಿದರು.

ಇವರು ಹೇಳುತ್ತಿದ್ದರು, ಇದರ ಮೇಲೆ ಕಾಗದಕ್ಕಿಂತ ಭಾರದ್ದು ಇಡಬೇಡ ಅಂತ. ಹೇಳಿಬಿಡಲೇ ಅನ್ನಿಸಿತು. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಭಾವ ಫೋನಿನಲ್ಲಿ ಯಾರಿಗೋ, "ನನ್ನ ತಲೆ ಸರ್, ಪೂರ್ತಿ ನನ್ನ ತಲೆ" ಅಂದರು.

ನಾಲಿಗೆ ಕಚ್ಚಿಕೊಂಡೆ. ಟೀ ಚೆಲ್ಲಿದರೆ ನೆಲಕ್ಕೆ ತಾನೆ.

ಮಾರ್ಚ್ 10

ಅಕ್ಕ ಡಬ್ಬಿಯಲ್ಲಿ ಊಟ ತಂದಳು. ಪಕ್ಕದಲ್ಲೇ ಕೂತು, ನಾನು ಮುಗಿಸುವವರೆಗೂ ಏಳಲಿಲ್ಲ. ಇವರು ಆಸ್ಪತ್ರೆಯಲ್ಲಿದ್ದಾಗಲೂ ಹೀಗೇ ಕೂರುತ್ತಿದ್ದಳು, ಇಪ್ಪತ್ತಾರು ದಿನ.

"ಹದಿನೈದಕ್ಕೆ ನಾನೂ ಬರ್ತೀನಿ. ಜನ ಸಾಲಲ್ವಂತೆ. ಟೀ ಹತ್ರ ನಿಂತ್ಕೋತೀನಿ."

"ನೀನು ಬೇಡ ಅಕ್ಕ."

"ಯಾಕೆ?"

"ನಿನ್ನ ಮಂಡಿ..."

"ನನ್ನ ಮಂಡಿ ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಸುಮ್ನೆ ತಿನ್ನು."

ಇನ್ನೂ ಎರಡು ಸಲ ಹೇಳಿ ನೋಡಿದೆ. ಹಟಮಾರಿ. ಚಿಕ್ಕಂದಿನಿಂದಲೂ.

ಮಾರ್ಚ್ 15. ಬೆಳಿಗ್ಗೆ 6.10

ಗಾಡಿ ಬಂತು. ಬುಷ್ ಎರಡನ್ನೂ ಸೊಂಟದ ಚೀಲಕ್ಕೆ ಹಾಕಿಕೊಂಡಿದ್ದೇನೆ. ಎರಡೇ ಇರುವುದು. ಒಂದು ಸ್ಟ್ಯಾಂಡಿಗೆ ಸಾಕು. ಅಕ್ಕ ಯಾವುದರ ಹತ್ತಿರ ನಿಲ್ಲುತ್ತಾಳೋ ನೋಡಿ, ಅದಕ್ಕೆ ಸಿಕ್ಕಿಸಿಬಿಟ್ಟರಾಯಿತು. ಉಳಿದ ಹತ್ತೊಂಬತ್ತು ಬೀಳಲಿ.

ಮಾರ್ಚ್ 19

ನಾಲ್ಕು ದಿನ ಪುಸ್ತಕ ಮುಟ್ಟಲಿಲ್ಲ. ಬರೆಯುತ್ತೇನೆ. ಸುಳ್ಳು ಬರೆದರೆ ಯಾರಿಗೆ ಮೋಸ?

ಹಾಲ್ ತುಂಬಿತ್ತು. ಎಡಗಡೆ ಪೇರಿಸಿದ್ದ ಪ್ಲೇಟಿನ ಭಾರಕ್ಕೆ ಸ್ಟ್ಯಾಂಡುಗಳು ಆಗಿನ್ನೂ ನೆಟ್ಟಗೆ ನಿಂತಿದ್ದವು. ಅಕ್ಕ ಕಿಟಕಿಯ ಪಕ್ಕದ ಸ್ಟ್ಯಾಂಡಿನ ಹತ್ತಿರ ನಿಂತಿದ್ದಳು. ಬಲಗಡೆಗೇ ನಿಂತಿದ್ದಳು. ಕ್ಯಾನು ತುಂಬ ಕುದಿಯುವ ಟೀ. ಕಾಲ ಕೆಳಗೆ ಬುಷ್ ಸಿಕ್ಕಿಸೋಣ ಅಂತ ಅವಳ ಕಡೆಗೇ ಹೊರಟಿದ್ದೆ. ದೇವರಾಣೆ ಹೊರಟಿದ್ದೆ. ಬುಷ್ ಎರಡೂ ಮುಷ್ಟಿಯಲ್ಲಿದ್ದವು.

ಆಗ ಕಂಪನಿಯ ಮ್ಯಾನೇಜರು ಭಾವನನ್ನು ವೇದಿಕೆಗೆ ಕರೆದರು. ಸ್ಟ್ಯಾಂಡು ಬಹಳ ಚೆನ್ನಾಗಿದೆ, ಎರಡು ಮಾತಾಡಿ ಅಂತ. ಭಾವ ಮೈಕ್ ಹಿಡಿದರು.

"ನಮ್ಮನೇಲಿ ಇದಕ್ಕೆ ಕೊಕ್ಕರೆ ಅಂತೀವಿ. ಹೆಸರೂ ನಾನೇ ಇಟ್ಟಿದ್ದು."

ಎಲ್ಲರೂ ನಕ್ಕರು.

ನನ್ನ ಕಾಲು ನಿಂತುಬಿಟ್ಟಿತು. ಆ ಹೆಸರು ಇವರು ಇಟ್ಟದ್ದು. ಜ್ವರದಲ್ಲಿ, ಹಾಸಿಗೆಯ ಮೇಲೆ, ನನ್ನನ್ನು ನಗಿಸಲು ಅಂತ. ಅದನ್ನೂ ಭಾವ ತೆಗೆದುಕೊಂಡರು. ಈಗಲೇ ಬೀಳಲಿ, ಭಾವ ಮೈಕ್ ಹಿಡಿದಿರುವಾಗಲೇ ಬೀಳಲಿ ಅಂದುಕೊಂಡೆ. ಯಾವುದಾದರೂ ಒಂದು.

ಎಡಗಡೆಯ ಪ್ಲೇಟು ಖಾಲಿಯಾಗುತ್ತ ಬಂದಿತ್ತು. ಅಕ್ಕನ ಸ್ಟ್ಯಾಂಡು ಬಲಕ್ಕೆ ವಾಲಿತು. ಅಕ್ಕ ಬಲಗೈ ಕೊಟ್ಟು ತಡೆದಳು. "ಪುಟ್ಟೀ! ಹಿಡ್ಕೊಳೇ!"

ಹತ್ತು ಹೆಜ್ಜೆ. ಅದಕ್ಕಿಂತ ಹೆಚ್ಚಿಲ್ಲ.

ನಾನು ಹೋಗಲಿಲ್ಲ.

ಕ್ಯಾನು ಅವಳ ಕೈಯ ಮೇಲೆಯೇ ಮಗುಚಿತು. ಬೆರಳಿನಿಂದ ಮೊಣಕೈವರೆಗೆ. ಅವಳು ಕೂಗಿದ್ದು ಒಂದೇ ಸಲ. ಇನ್ನೆರಡು ಸ್ಟ್ಯಾಂಡು ವಾಲಿದವು, ಜನ ಹೆದರಿ ಕ್ಯಾನುಗಳನ್ನೆಲ್ಲ ಕೆಳಗಿಟ್ಟರು. ಮ್ಯಾನೇಜರು ಎಲ್ಲರ ಎದುರು ಭಾವನನ್ನು ಬಾಯಿಗೆ ಬಂದ ಹಾಗೆ ಬೈದರು. ನಾನು ಬಯಸಿದ್ದ ಹಾಗೆಯೇ, ಚಮಚಗಳ ನಡುವೆ ಭಾವ ಮಂಡಿಯೂರಿ ಕೂತಿದ್ದರು. ಆದರೆ ಅಕ್ಕನ ತಲೆ ಅವರ ತೊಡೆಯ ಮೇಲಿತ್ತು.

ಇನ್ನೊಂದು ಮಾತು, ಬರೆಯದಿದ್ದರೆ ಸರಿಯಾಗದು. ಮ್ಯಾನೇಜರು ಬೈಯುವಾಗ ಒಂದು ಗಳಿಗೆ ನನ್ನ ಹೊಟ್ಟೆ ತಣ್ಣಗಾಯಿತು. ಅಕ್ಕ ನರಳುತ್ತಿದ್ದಾಗಲೇ.

ಮಾರ್ಚ್ 22. ಮಧ್ಯಾಹ್ನ 3

ಭಾವ ಬಂದರು. ಶೇವ್ ಮಾಡಿಲ್ಲ. ಒಂದು ಸ್ಟ್ಯಾಂಡು ಹೊತ್ತು ತಂದಿದ್ದರು. ಎರಡು ಆರ್ಡರು ಕೈತಪ್ಪಿ ಹೋದವಂತೆ. ವರಾಂಡದಲ್ಲಿ ಅದನ್ನು ನಿಲ್ಲಿಸಿ ನನ್ನ ಎದುರು ಸ್ಟೂಲಿನ ಮೇಲೆ ಕೂತರು.

"ಇಲ್ಲಿ ನೆಟ್ಟಗೆ ನಿಲ್ಲುತ್ತೆ. ಅಲ್ಲಿ ವಾಲುತ್ತೆ. ಯಾಕೆ ಅಂತ ತಲೆ ಕೆಟ್ಟುಹೋಗಿದೆ. ಅವನು ಇದ್ದಿದ್ರೆ ಒಂದು ನಿಮಿಷಕ್ಕೆ ಹೇಳ್ತಿದ್ದ."

ನಾನು ಪ್ಲೇಟು ಬಿಡಿಸುತ್ತಲೇ ಇದ್ದೆ.

"ಅವನೇ ಮಾಡಿದ್ದು, ಪುಟ್ಟಿ. ನನ್ನದೇನೂ ಇಲ್ಲ. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ನಿನಗೇನಾದ್ರೂ ಹೇಳಿದ್ನಾ ಅವನು?"

ಈ ಮಾತಿಗಾಗಿ ಒಂದು ತಿಂಗಳು ಹಲ್ಲು ಕಡಿದುಕೊಂಡು ಕಾದಿದ್ದೆ. ಬಂತು. ಕೇಳಿದೆ. ಹಿಡಿಯಷ್ಟೂ ಸಂತೋಷ ಆಗಲಿಲ್ಲ.

"ಇಲ್ಲ ಭಾವ. ನನಗೇನು ಗೊತ್ತು, ನಾನು ಪ್ಲೇಟು ಬಿಡಿಸೋಳು."

ತಲೆಯಾಡಿಸಿ ಎದ್ದು ಹೋದರು. ಬಾಗಿಲ ಹತ್ತಿರ ತಡವರಿಸಿದರು, ಮುದುಕರ ಹಾಗೆ. ಆಗಲಾದರೂ ಕರೆಯಬಹುದಿತ್ತು. ಕರೆಯಲಿಲ್ಲ. ಕೋಪ ಇನ್ನೂ ಇದೆ ನನಗೆ. ಕಡಿಮೆಯಾಗಿಲ್ಲ. ಯಾರ ಮೇಲೆ ಅಂತ ಮಾತ್ರ ಸರಿಯಾಗಿ ಗೊತ್ತಾಗುತ್ತಿಲ್ಲ.

ಮಾರ್ಚ್ 26. ಸಂಜೆ 5

ಅಕ್ಕನ ಮನೆಗೆ ಹೋಗಿದ್ದೆ. ಆಸ್ಪತ್ರೆಯಿಂದ ಬಂದಿದ್ದಾಳೆ. ಬಲಗೈ ಪೂರ್ತಿ ಬ್ಯಾಂಡೇಜು, ದಿಂಬಿನ ಮೇಲೆ ಇಟ್ಟುಕೊಂಡಿದ್ದಾಳೆ. ಭಾವ ಹೊರಗೆ ಹೋಗಿದ್ದರು. ತಟ್ಟೆಯಲ್ಲಿ ಅನ್ನ ಕಲಸಿ ತುತ್ತು ಇಡುತ್ತಿದ್ದೆ. ಮೂರು ತುತ್ತು ತಿಂದಳು. ನಾಲ್ಕನೆಯದಕ್ಕೆ ಬಾಯಿ ತೆರೆಯಲಿಲ್ಲ.

"ನಿನಗೆ ಗೊತ್ತಿತ್ತು ಅಲ್ವಾ?"

"ಏನು ಅಕ್ಕ?"

"ನಾನು ಕೂಗಿದಾಗ ನೀನು ನನ್ನ ಮುಖ ನೋಡಲಿಲ್ಲ. ಸ್ಟ್ಯಾಂಡಿನ ಕಾಲು ನೋಡ್ದೆ. ಆಮೇಲೆ ವೇದಿಕೆ ನೋಡ್ದೆ. ನಾನು ನಿನ್ನನ್ನೇ ನೋಡ್ತಾ ಇದ್ದೆ, ಪುಟ್ಟಿ."

ಕೈಯಲ್ಲಿ ತುತ್ತು ಹಾಗೇ ಇತ್ತು. ಕೊನೆಗೆ, "ಭಾವನಿಗೆ ನಾನೇ ಹೇಳ್ತೀನಿ. ಇವತ್ತೇ ಹೇಳ್ತೀನಿ. ಕಾಲಿಗೆ ಬೀಳ್ತೀನಿ" ಅಂದೆ.

"ಹೇಳ್ಬೇಡ."

"ಅಕ್ಕ..."

"ಹೇಳಿದ್ರೆ ಅವರು ಬೈತಾರೆ. ನೀನು ಅಳ್ತೀಯ. ಹಗುರ ಆಗ್ಬಿಡುತ್ತೆ ನಿನಗೆ." ಧ್ವನಿ ಏರಿಸಲಿಲ್ಲ. ಚಿಕ್ಕಂದಿನಲ್ಲಿ ನನಗೆ ಜಡೆ ಹಾಕುತ್ತ ಮಾತಾಡುತ್ತಿದ್ದ ಅದೇ ಧ್ವನಿ. "ಅವರಿಗೂ ಹೇಳ್ಬೇಡ, ಇನ್ಯಾರಿಗೂ ಹೇಳ್ಬೇಡ. ನನ್ನ ಮೇಲೆ ಆಣೆ. ದಿನಾ ಬಾ. ನೀನೇ ತಿನ್ನಿಸು."

ಆಮೇಲೆ ಬಾಯಿ ತೆರೆದಳು.

ಮಾರ್ಚ್ 27. ಮಧ್ಯಾಹ್ನ 12.30

ಹೋಗಬೇಕು. ಊಟದ ಹೊತ್ತು. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ, ಇನ್ನೆಷ್ಟು ದಿನ ಅಂತ. ಚರ್ಮ ಆರು ವಾರದಲ್ಲಿ ಬರುತ್ತದಂತೆ. ಬೆರಳು ಮಡಚುವುದು ಮಾತ್ರ ಹೇಳಲಾಗದು, ಬಹುಶಃ ಬಲಗೈಯಲ್ಲಿ ಊಟ ಇನ್ನು ಮುಂದೆ...

ಅಕ್ಕ ಆಗಲೇ ಎರಡು ಸಲ ಫೋನ್ ಮಾಡಿದಳು. ತಟ್ಟೆ ಹಾಕಿಕೊಂಡು ಕೂತಿದ್ದೀನಿ, ಎಲ್ಲಿದ್ದೀಯ ಅಂತ. ಹೊರಟೆ ಅಂದೆ. ಚಪ್ಪಲಿ ಮೆಟ್ಟಿಕೊಂಡು ಹತ್ತು ನಿಮಿಷವಾಯಿತು. ಇನ್ನೂ ಇಲ್ಲೇ ಕೂತಿದ್ದೇನೆ.